ಆಯಿಲ್ ತಾಗುವ ಗಾಡಿ

ನಮ್ಮನ್ನು ಮುಳುಗಿಸಿದ್ದು ತೆಲುಗು ಮಾತಲ್ಲ, ನನ್ನ ಮೈದುನ ಹನುಮಂತ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕೊರಟಗೆರೆಯಿಂದ ಪಾವಗಡದವರೆಗೆ ಟೀ ಅಂಗಡಿಗಳಲ್ಲಿ ನಮ್ಮ ಮೊದಲ ಪಿಕಪ್ಪಿನ ಕಥೆ ಹೇಳಿಕೊಂಡು ನಕ್ಕವರು ಬೇಕಾದಷ್ಟು ಜನ ಇದ್ದಾರೆ. ತೆಲುಗು ಬಾರದ ಪೆದ್ದರು ಪಾವಗಡಕ್ಕೆ ಹೋಗಿ, ಒಂದು ಮಾತನ್ನು ತಪ್ಪು ತಿಳಿದು, ಕೆಟ್ಟ ಇಂಜಿನ್ನಿನ ಗಾಡಿ ತಂದರು ಎನ್ನುವುದು ಆ ಕಥೆ. ಅಲ್ಲಿಗೆ ಹೋಗಿದ್ದವರು ಮೂವರು. ಪೆದ್ದರು ಇಬ್ಬರೇ. ಮೂರನೆಯವನಿಗೆ ಆ ಮಾತು ಚೆನ್ನಾಗಿ ಗೊತ್ತಿತ್ತು.

ನಾನು ಓದಿದ್ದು ಮೂರನೇ ಕ್ಲಾಸು. ಕೊರಟಗೆರೆ ಕಡೆಯ ಕುರಿ ಸಾಕುವವರ ಹಟ್ಟಿಯವಳು. ಗಾಡಿಯ ಎಡಗಡೆ ಸೀಟಿನಲ್ಲಿ ಕ್ಲೀನರ್ ಆಗಿ ಕೂತು, ಕೆಟ್ಟು ನಿಂತ ಲಾರಿ ಬಸ್ಸುಗಳಿಗೆ ಚೈನು ಕಟ್ಟಿ, ಮಳೆ ಬಿದ್ದಾಗ ಕಂಡವರ ಹೊಲಗಳಲ್ಲಿ ನೇಗಿಲ ಹಿಂದೆ ಓಡಾಡಿ, ಆಮೇಲೆ ಹಳೇ ಗಾಡಿ ಕೊಳ್ಳುವವರ ಜೊತೆ ಗಾಡಿ ನೋಡಲು ಹೋಗಿ ಹೊಟ್ಟೆ ಹೊರೆದವಳು. ಈಗ ಬಿಟ್ಟಿದ್ದೇನೆ. ಮಂಡಿ ಮಡಚುವುದಿಲ್ಲ. ಮೊನ್ನೆ ಮೊಮ್ಮಗಳು ಫೋನಿನಲ್ಲಿ ಒಂದು ಹಳೇ ಪಿಕಪ್ಪಿನ ಫೋಟೋ ತೋರಿಸಿದಳು. ಅದನ್ನು ಕೊಂಡು ಬಾಡಿಗೆಗೆ ಓಡಿಸುತ್ತಾಳಂತೆ.

"ಹೆಂಗೈತೆ ಅಜ್ಜಿ?"

"ಫೋಟೋದಾಗೆ ಹೊಗೆ ಕಾಣಾಕಿಲ್ಲ ಕಣಮ್ಮ."

ಅವಳಿಗೆ ಸಿಟ್ಟು ಬಂತು. ಬರಲಿ. ಅವಳಿಗೂ ಅವಳಂಥ ಹುಡುಗರಿಗೂ ಅಂತಲೇ ಇದನ್ನು ಬರೆದಿಡುತ್ತಿದ್ದೇನೆ. ಸ್ವಂತ ಗಾಡಿ, ಸ್ವಂತ ದುಡಿಮೆ, ಯಾರ ಹಂಗೂ ಇಲ್ಲ ಎಂದು ಹೇಳುವವರ ಮಾತು ನಂಬಬೇಡಿ. ಗಾಡಿ ಇಟ್ಟವನಿಗೆ ಊರೆಲ್ಲ ಯಜಮಾನರೇ. ಹೊಲದವನು ಬೈಯುತ್ತಾನೆ, ಲಾರಿಯವನು ಬೈಯುತ್ತಾನೆ, ಮೇಸ್ತ್ರಿ ಬೈಯುತ್ತಾನೆ.

ಪಿಕಪ್ಪಿನಲ್ಲಿ ಹೊಲ ಉಳುತ್ತಾರಾ ಎಂದು ಈಗಿನವರು ಕೇಳುತ್ತಾರೆ. ಉಳುತ್ತಿದ್ದೆವು. ಮುಂದೆ ಜೀಪಿನ ಮೂತಿ, ಹಿಂದೆ ಮೂಟೆ ಹಾಕಲು ಬಯಲು ತೊಟ್ಟಿ, ನಾಲ್ಕು ಚಕ್ರಕ್ಕೂ ಎಳೆತ ಕೊಡುವ ಗೇರು. ಮೊದಲು ಪೆಟ್ರೋಲಿನದಾಗಿದ್ದು ಆಮೇಲೆ ಡೀಸೆಲ್ ಇಂಜಿನ್ ಕೂರಿಸಿದ ಗಾಡಿಗಳು ಅವು. ಆಗ ಟ್ರ್ಯಾಕ್ಟರು ಇದ್ದದ್ದು ಎಲ್ಲೋ ಒಬ್ಬೊಬ್ಬ ದೊಡ್ಡ ಕುಳದ ಮನೆಯಲ್ಲಿ. ಮೊದಲ ಮಳೆ ಬಿದ್ದರೆ ಎಲ್ಲರಿಗೂ ಒಂದೇ ಸಲ ಉಳುಮೆ ಆಗಬೇಕು. ನಮ್ಮ ಕಡೆಯ ಕೆಂಪು ಮರಳು ನೆಲಕ್ಕೆ, ಕಡಲೆಕಾಯಿ ಬಿತ್ತುವ ಹೊಲಕ್ಕೆ, ಪಿಕಪ್ಪು ಸಾಕಾಗುತ್ತಿತ್ತು. ಕಪ್ಪು ನೆಲಕ್ಕೆ ಇಳಿಸಿದರೆ ಗಾಡಿಯನ್ನೇ ಎತ್ತು ಕಟ್ಟಿ ಎಳೆಸಬೇಕು. ಎಳೆಸಿದ್ದೂ ಉಂಟು.

ಹಳೇ ಗಾಡಿ ನೋಡುವುದನ್ನು ನನಗೆ ಕಲಿಸಿದವರು ಶಿರಾದ ಗ್ಯಾರೇಜಿನ ಬಾಷಾ ಮೇಸ್ತ್ರಿ. ಕಲಿಸಬೇಕೆಂದು ಕಲಿಸಿದ್ದಲ್ಲ, ಬೈಯುತ್ತಾ ಬೈಯುತ್ತಾ ಅವರ ಬಾಯಿಂದ ಬಿದ್ದದ್ದು. ಗಾಡಿ ಕೆಳಗಿನ ಗುಂಡಿಗೆ ನಾನು ಇಳಿಯಲು ಹೋದರೆ, "ಅರೇ, ಹೆಂಗ್ಸು ಇಳಿದ್ರೆ ನನ್ ಗಿರಾಕಿ ಎಲ್ಲಾ ಹೋಗ್ತಾರೆ, ಆ ಕಡೆ ಕೂತ್ಕೋ," ಎಂದು ಓಡಿಸುತ್ತಿದ್ದರು. ಆ ಕಡೆ ಕೂತೇ ನೋಡಿದೆ. ಅವರು ಹೇಳುತ್ತಿದ್ದದ್ದು ಇಷ್ಟೇ: "ಬಣ್ಣ ನೋಡ್ಬ್ಯಾಡ, ಧುವಾಂ ನೋಡು." ಹೊಗೆ ನೋಡು ಎಂದು. ಕಪ್ಪು ಹೊಗೆ ಬಂದರೆ ಡೀಸೆಲ್ ಸರಿಯಾಗಿ ಉರಿಯುತ್ತಿಲ್ಲ, ಅದು ರಿಪೇರಿಯಾಗುತ್ತದೆ. ನೀಲಿ ಹೊಗೆ ಬಂದರೆ ಇಂಜಿನ್ನೇ ಆಯಿಲ್ ಸುಡುತ್ತಿದೆ, ಅಲ್ಲಿಂದ ಎದ್ದು ಬಾ.

ಮಾರುವವನು ಇಂಜಿನ್ ಶುರು ಮಾಡುವ ಮೊದಲೇ ಹೋಗಬೇಕು. ಬಾನೆಟ್ಟಿನ ಮೇಲೆ ಅಂಗೈ ಇಡಬೇಕು. ಬಿಸಿಯಾಗಿದ್ದರೆ, ತಣ್ಣಗಿದ್ದಾಗ ಅದು ಏಳುವುದಿಲ್ಲ ಎಂದರ್ಥ. ಚೈನು ಸಿಕ್ಕಿಸುವ ಹಿಂದಿನ ಕೊಕ್ಕೆ ನೋಡಬೇಕು. ಗುಂಡಗಿರಬೇಕಾದ ತೂತು ಸವೆದು ಮೊಟ್ಟೆಯ ಹಾಗೆ ಆಗಿದ್ದರೆ ಆ ಗಾಡಿ ಭಾರ ಎಳೆದೆಳೆದು ಸತ್ತಿದೆ. ಕೊಕ್ಕೆಯ ಪಕ್ಕ ಹೊಸ ಬಣ್ಣ ಬಳಿದಿದ್ದರೆ ಉಗುರಿನಲ್ಲಿ ಕೆರೆದು ನೋಡಬೇಕು, ಕೆಳಗೆ ವೆಲ್ಡಿಂಗ್ ಇರುತ್ತದೆ. ಆಮೇಲೆ ಹುಣಸೆಮರಕ್ಕೆ ಚೈನು ಕಟ್ಟಿ ಎಳೆಸಬೇಕು. ಇಂಜಿನ್ ಗಕ್ಕನೆ ನಿಂತರೆ ಕ್ಲಚ್ಚು ಚೆನ್ನಾಗಿದೆ. ಇಂಜಿನ್ ಮಾತ್ರ ಬೊಬ್ಬೆ ಹೊಡೆದು ಚಕ್ರ ಸುಮ್ಮನಿದ್ದರೆ ಕ್ಲಚ್ಚು ಹೋಗಿದೆ.

ಕ್ಲಚ್ಚು ಒತ್ತಿದರೂ ಬಿಡದೆ ಹಿಡಿದುಕೊಳ್ಳುವುದೂ ಉಂಟು, ಆ ಪಾಠಕ್ಕೆ ನಾನು ನನ್ನ ಎಡಗೈಯ ಕಿರುಬೆರಳು ಕೊಟ್ಟಿದ್ದೇನೆ. ಶಿರಾ ಹತ್ತಿರ ಒಂದು ಬಸ್ಸು ಕೆಟ್ಟು ನಿಂತಿತ್ತು. ನಾನು ಕೊಕ್ಕೆಗೆ ಚೈನು ಸಿಕ್ಕಿಸುತ್ತಿದ್ದೆ. ನನ್ನ ಗಂಡ ಚಿಕ್ಕಣ್ಣ ಕ್ಲಚ್ಚು ಒತ್ತಿಯೇ ಇದ್ದರು, ಆದರೂ ಗಾಡಿ ಮುಂದಕ್ಕೆ ಜಿಗಿಯಿತು. ಬೆರಳು ಚೈನಿನ ಕೆಳಗೆ ಹೋಯಿತು. ಸೆರಗು ಸುತ್ತಿಕೊಂಡು ರಸ್ತೆ ಪಕ್ಕ ಕೂತಿದ್ದೆ. ಬಸ್ಸಿನ ಕಂಡಕ್ಟರ್ ಬಂದು ನೋಡಿ, "ಅಮ್ಮಾ, ಬ್ಯಾಗ ಎಳೀರಿ, ಟೈಮಾಗೋಯ್ತು," ಎಂದ. ಎಳೆದೆವು. ಬಸ್ಸು ಮುಟ್ಟಿಸಿದ ಮೇಲೇ ಆಸ್ಪತ್ರೆಗೆ ಹೋಗಿದ್ದು.

ನಾನು ನೋಡಿ ಒಪ್ಪಿದ ಗಾಡಿಗಳೆಲ್ಲ ಚೆನ್ನಾಗಿದ್ದವು ಎಂದುಕೊಳ್ಳಬೇಡಿ. ಕೊರಟಗೆರೆಯ ಇಟ್ಟಿಗೆ ಗೂಡಿನ ರಂಗಣ್ಣ ಒಂದು ಗಾಡಿ ನೋಡಲು ನನ್ನನ್ನು ಮಧುಗಿರಿಗೆ ಕರೆದುಕೊಂಡು ಹೋಗಿದ್ದ. ಗೇರ್ ಬಾಕ್ಸು ಬೆಣ್ಣೆಯಂತೆ ಸದ್ದಿಲ್ಲದೆ ಇತ್ತು. ತಗೋ ಎಂದೆ. ವಾರ ಕಳೆಯುವ ಮೊದಲೇ ಅದು ನಾಯಿಯಂತೆ ಊಳಿಡಲು ಶುರು ಮಾಡಿತು. ಬಿಚ್ಚಿದರೆ ಒಳಗೆ ಮರದ ಹೊಟ್ಟು. ಸವೆದ ಹಲ್ಲು ಸದ್ದು ಮಾಡದಿರಲಿ ಎಂದು ಆಯಿಲ್ ಜೊತೆ ಕಲಸಿ ತುಂಬಿದ್ದರು. ರಂಗಣ್ಣ ನಮ್ಮ ಹಟ್ಟಿಗೇ ಬಂದು ನಿಂತ.

"ಏನಮ್ಮೋ, ಗಾಡಿ ಕೊಡ್ಸು ಅಂದ್ರೆ ಸಾಮಿಲ್ಲು ಕೊಡ್ಸಿದ್ದೀಯಲ್ಲ."

ಹಟ್ಟಿಯವರೆಲ್ಲ ನಕ್ಕರು. ಅದಾದ ಮೇಲೆ ಗೇರ್ ಬಾಕ್ಸಿನ ಕೆಳಗಿನ ಬೋಲ್ಟು ಸಡಿಲಿಸಿ, ಆಯಿಲ್ಲನ್ನು ಎರಡು ಬೆರಳ ನಡುವೆ ಉಜ್ಜಿ ನೋಡದೆ ನಾನು ಯಾವ ಗಾಡಿಯನ್ನೂ ಒಪ್ಪಿಲ್ಲ.

ಇಷ್ಟೆಲ್ಲ ತಿಳಿದದ್ದು ಆಮೇಲೆ. ಮೊದಲ ಗಾಡಿ ಕೊಳ್ಳುವಾಗ ನಮಗೆ ಏನೂ ಗೊತ್ತಿರಲಿಲ್ಲ. ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ನಮ್ಮದು ಕುರಿ ಮಂದೆ. ಚಿಕ್ಕಣ್ಣ ಒಂದಷ್ಟು ವರ್ಷ ಬೇರೆಯವರ ಲಾರಿ ಓಡಿಸಿದ್ದವರು. ಅವರ ತಮ್ಮ ಹನುಮಂತನಿಗೂ ಸ್ಟೇರಿಂಗಿನ ಹುಚ್ಚು. ಕುರಿ ಹಿಂದೆ ತಿರುಗಿದ್ದು ಸಾಕು, ಗಾಡಿ ಇಟ್ಟು ಬದುಕೋಣ ಎಂದು ಅಣ್ಣ ತಮ್ಮ ಮಾತಾಡಿಕೊಂಡರು. ನಾನು ಬೇಡ ಎನ್ನಲಿಲ್ಲ. ದೇವರಿಗೆ ಬಿಟ್ಟ ಟಗರೊಂದನ್ನು ಉಳಿಸಿ ಮಂದೆಯನ್ನೆಲ್ಲ ಮಾರಿದೆವು. ನಾಯಿ ಉಳಿಯಿತು, ಕಾಯುವುದಕ್ಕೆ ಅದಕ್ಕೆ ಏನೂ ಇರಲಿಲ್ಲ. ಗಾಡಿ ಓಡಿದರೆ ನಾವು ಬದುಕಿದೆವು, ನಿಂತರೆ ಬೇರೆಯವರ ಕುರಿ ಕಾಯಲು ಕೂಲಿಗೆ ಹೋಗಬೇಕು. ಇದು ಮೂವರಿಗೂ ಗೊತ್ತಿತ್ತು.

ಪಾವಗಡದ ಒಂದು ಕಡಲೆಕಾಯಿ ಮಿಲ್ಲಿನಲ್ಲಿ ಪಿಕಪ್ಪು ಇದೆ ಎಂದು ಸುದ್ದಿ ತಂದವನು ಹನುಮಂತ. ಅವನ ಹೆಂಡತಿಯ ತವರು ಅದೇ ಸೀಮೆ. ಅತ್ತೆ ಮಾವನ ಜೊತೆ ಅವನು ತೆಲುಗಿನಲ್ಲೇ ಜಗಳ ಆಡುವಷ್ಟು ಕಲಿತಿದ್ದ. ಹಿಂದಿನ ದಿನವೇ ಹೋಗಿ ಮಾವನ ಮನೆಯಲ್ಲಿದ್ದ. ನಾವು ಬಸ್ಸಿಳಿದು ಮಿಲ್ಲಿಗೆ ಹೋದಾಗ ಗಾಡಿಯ ಇಂಜಿನ್ ಆಗಲೇ ಓಡುತ್ತಿತ್ತು. ಹಸಿರು ಬಣ್ಣ ಹೊಡೆದು ಹೊಳೆಯುತ್ತಿತ್ತು. ಆ ಬಣ್ಣ ಮುಟ್ಟಿ ನೋಡಲು ನಾನು ಬಾನೆಟ್ಟಿನ ಕಡೆ ಕೈ ಚಾಚಿದೆ.

"ಮುಟ್ಬ್ಯಾಡ ಅತ್ತಿಗೆ, ಕೈ ಸುಡ್ತದೆ," ಎಂದ ಹನುಮಂತ.

ಮಿಲ್ಲಿನ ಸಾಹುಕಾರರು ಹೊರಗೆ ಬರಲಿಲ್ಲ. ಆ ಗಾಡಿ ಓಡಿಸುತ್ತಿದ್ದ ಮುದುಕ ಡ್ರೈವರ್ ನಾರಾಯಣಪ್ಪನನ್ನು ಕಳಿಸಿದರು. ಅವನಿಗೆ ಕನ್ನಡ ಅಷ್ಟಾಗಿ ಬಾರದು. ಎಲೆಅಡಿಕೆ ಉಗಿದು, ಗಾಡಿಯ ಸುತ್ತ ಒಂದು ಸುತ್ತು ಬಂದು, ನಮ್ಮ ಮುಖ ನೋಡಿ ಹೇಳಿದ.

"ಬಂಡಿ ಬಾಗುಂದಿ. ಕಾನಿ ಆಯಿಲ್ ತಾಗತಾದಿ."

ಬಂಡಿ ಬಾಗುಂದಿ ಎಂದರೆ ಗಾಡಿ ಚೆನ್ನಾಗಿದೆ, ಕಾನಿ ಎಂದರೆ ಆದರೆ ಎಂದು ನಮಗೂ ಗೊತ್ತು. ಮುಂದಿನದು ಕನ್ನಡದ ಹಾಗೇ ಕೇಳಿಸಿತು. ಚಿಕ್ಕಣ್ಣ ತಮ್ಮನ ಕಡೆ ತಿರುಗಿದರು.

"ಏನಂತೆಲಾ?"

"ಆಯಿಲ್ ತಾಗ್ತದೆ ಅಂತಣ್ಣ. ಎಲ್ಲೋ ಒಸಿ ಸೋರ್ತೈತೆ, ಬಟ್ಟೆಗೆ ತಾಗ್ತದೆ, ಉಸಾರು ಅಂತಾನೆ."

"ಅಷ್ಟೇನಾ? ಒರೆಸ್ಕೊಂಡ್ರಾಯ್ತು ಬುಡು."

ನಾರಾಯಣಪ್ಪ ಹನುಮಂತನ ಮುಖ ನೋಡಿದ. ಮತ್ತೊಂದು ಸಲ ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಹನುಮಂತ ಅವನ ಹೆಗಲ ಮೇಲೆ ಕೈ ಹಾಕಿ, ತೆಲುಗಿನಲ್ಲಿ ಏನೋ ನಗಾಡುತ್ತಾ ಆ ಕಡೆ ಕರೆದುಕೊಂಡು ಹೋದ. ನಾವು ಗಾಡಿ ತಗೊಂಡೆವು.

ಮಧುಗಿರಿ ದಾಟುವುದರೊಳಗೆ ಹಿಂದೆ ನೀಲಿ ಹೊಗೆ ಏಳತೊಡಗಿತು. ಹೊಗೆ ಕಾಣದಿರಲಿ ಎಂದು ಮಂದವಾದ ಆಯಿಲ್ ತುಂಬಿದ್ದರು, ಅದು ಕಾದು ನೀರಾಯಿತು. ಸೈಕಲ್ಲಿನವರು ಟವಲ್ಲಿನಿಂದ ಮೂಗು ಮುಚ್ಚಿಕೊಂಡು ಪಕ್ಕಕ್ಕೆ ಇಳಿದರು. ಒಂದು ವಾರದಲ್ಲಿ ನಮ್ಮ ಗಾಡಿಗೆ ಹೆಸರು ಬಿತ್ತು, ಮಲೇರಿಯಾ ಗಾಡಿ. ನಾವು ಹೊಲಕ್ಕೆ ಬಂದರೆ, "ಬಂದ್ರಪ್ಪೋ ಸೊಳ್ಳೆ ಹೊಡೆಯೋರು," ಎನ್ನುತ್ತಿದ್ದರು.

ಶಿರಾಕ್ಕೆ ಒಯ್ದೆವು. ಬಾಷಾ ಮೇಸ್ತ್ರಿಯನ್ನು ನಾನು ಮೊದಲು ನೋಡಿದ್ದು ಆವತ್ತು. ಆಯಿಲ್ ಹಾಕುವ ಮುಚ್ಚಳ ತೆಗೆದು, ಬುಸುಗುಟ್ಟುತ್ತಿದ್ದ ಹೊಗೆಗೆ ಅಂಗೈ ಒಡ್ಡಿ, ನಮ್ಮಿಬ್ಬರನ್ನೂ ನೋಡಿದರು.

"ಇದ್ರಾಗೆ ಪಿಸ್ಟನ್ ರಿಂಗು ಪೂರಾ ಖತಮ್. ಬೋರ್ ಸವೆದು ಹೋಗೈತೆ. ಮಾರಿದೋರು ಏನೂ ಹೇಳ್ನಿಲ್ವಾ?"

"ಆಯಿಲ್ ತಾಗ್ತದೆ ಅಂದಿದ್ರು," ಎಂದರು ಚಿಕ್ಕಣ್ಣ.

"ತಾಗೋದಾ? ನುಂಗ್ತೈತೆ ಇದು."

ಇಂಜಿನ್ ಬಿಚ್ಚಿ ಬೋರ್ ಮಾಡಿಸುವ, ಅಂದರೆ ಪಿಸ್ಟನ್ ಓಡಾಡುವ ಕೊಳವೆಯನ್ನು ಕೊರೆಸಿ ಸರಿ ಮಾಡಿಸುವ, ಶಕ್ತಿ ನಮಗಿರಲಿಲ್ಲ. ಮೇಸ್ತ್ರಿ ಒಂದು ದಾರಿ ಹೇಳಿದರು. ಬೇರೆ ಲಾರಿಗಳಿಂದ ಇಳಿಸಿದ ಕರಿ ಆಯಿಲ್ಲನ್ನು ಬಟ್ಟೆಯಲ್ಲಿ ಸೋಸಿ ತುಂಬಿಕೊಂಡು ಓಡಿಸುವುದು. ಸಾಯುವ ಇಂಜಿನ್ನಿಗೆ ಏನು ಕುಡಿಸಿದರೇನು ಎಂದರು. ಅವತ್ತಿನಿಂದ ನನ್ನ ಹಳೇ ಸೀರೆಗಳೆಲ್ಲ ಆಯಿಲ್ ಸೋಸುವುದಕ್ಕೇ ಹೋದವು. ಗಾಡಿ ಭಾರ ಎಳೆದಷ್ಟೂ ಹೆಚ್ಚು ಆಯಿಲ್ ಕೇಳುತ್ತಿತ್ತು. ಉಳುಮೆ ಮಾಡುವಾಗ ಸಾಲು ಸಾಲಿಗೂ ನಿಲ್ಲಿಸಿ, ಆಯಿಲ್ ಎಷ್ಟು ಉಳಿದಿದೆ ಎಂದು ಕಡ್ಡಿ ಹಾಕಿ ನೋಡಬೇಕಿತ್ತು.

ಗಾಡಿ ಬಂದು ಒಂದು ಬಿತ್ತನೆ ಮುಗಿಯುವ ಮೊದಲೇ ಹನುಮಂತ ಹೊರಟುಹೋದ. ಪಾವಗಡದ ಅದೇ ಮಿಲ್ಲಿನವರು ಹೊಸ ಲಾರಿ ತಂದಿದ್ದಾರೆ, ನನ್ನನ್ನು ಡ್ರೈವರ್ ಮಾಡಿಕೊಂಡಿದ್ದಾರೆ ಎಂದ. ಚಿಕ್ಕಣ್ಣ, "ಹೋಗ್ಲಾ, ಒಳ್ಳೇದಾಗ್ಲಿ," ಎಂದರು. ಅವನು ತೊಡುತ್ತಿದ್ದ ಖಾಕಿ ಅಂಗಿ ಸೀಟಿನ ಹಿಂದೆ ಮೊಳೆಗೆ ನೇತಾಡುತ್ತಲೇ ಉಳಿಯಿತು. ಹೊಸ ಲಾರಿಗೆ ಹೊಸ ಅಂಗಿ ಕೊಟ್ಟಿದ್ದರೋ ಏನೋ.

ಮುಂದಿನ ಮಳೆಗಾಲದ ಹೊತ್ತಿಗೆ ಪಾವಗಡ ಸೀಮೆಯ ರಾಯಚರ್ಲಿನಿಂದ ಕರೆ ಬಂತು. ಒಬ್ಬರ ಬಿತ್ತನೆ ಕಡಲೆಕಾಯಿ ತುಂಬಿದ ಟ್ರೈಲರ್ ದಾರಿಯಲ್ಲಿ ಕೂತಿತ್ತು, ಎಳೆಯಬೇಕಿತ್ತು. ಚಿಕ್ಕಣ್ಣನ ಜೊತೆ ಆಳಿಲ್ಲ, ರೇಡಿಯೇಟರಿಗೆ ನೀರು, ಇಂಜಿನ್ನಿಗೆ ಆಯಿಲ್ ಹಾಕಲು ಯಾರಾದರೂ ಬೇಕು. ನಾನು ಹೋದೆ. ಟ್ರೈಲರ್ ಎಳೆದು ಊರು ಮುಟ್ಟಿಸುವಷ್ಟರಲ್ಲಿ ಗಾಡಿಗೂ ನನಗೂ ಒಂದೇ ಸಮ ಬಾಯಾರಿತ್ತು. ಒಂದು ಮನೆಯ ಜಗುಲಿಯಲ್ಲಿ ಕೂತೆ. ಆ ಮನೆಯ ಹೆಂಗಸು ದೊಡ್ಡ ಚೊಂಬಿನಲ್ಲಿ ನೀರು ತಂದು ನನ್ನ ಮುಂದೆ ಹಿಡಿದಳು.

"ನೀಳ್ಳು ತಾಗಮ್ಮಾ."

ನನಗೆ ಏನು ಮಾಡಬೇಕೋ ತಿಳಿಯಲಿಲ್ಲ. ಈ ಕಡೆ ಏನೋ ಪದ್ಧತಿ ಇರಬೇಕು ಎಂದುಕೊಂಡು ಚೊಂಬಿಗೆ ಬೆರಳು ತಾಗಿಸಿ ಸುಮ್ಮನೆ ಕೂತೆ. ಅವಳು ನಕ್ಕಳು. ಹೆಬ್ಬೆರಳನ್ನು ಬಾಯಿಗೆ ಇಟ್ಟು, ತಲೆ ಎತ್ತಿ, ಕುಡಿಯುವ ಹಾಗೆ ಮಾಡಿ ತೋರಿಸಿದಳು.

"ತಾಗು, ತಾಗು."

ಕುಡಿದೆ. ಪೂರ್ತಿ ಕುಡಿದೆ. ಕುಡಿಯುತ್ತಿದ್ದ ಹಾಗೆ ತಿಳಿಯಿತು. ಮುದುಕ ನಾರಾಯಣಪ್ಪ ಸುಳ್ಳು ಹೇಳಿರಲಿಲ್ಲ. ಗಾಡಿ ಆಯಿಲ್ ಕುಡಿಯುತ್ತದೆ ಎಂದು, ನಮ್ಮ ಮುಖ ನೋಡಿಕೊಂಡೇ, ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದ. ಅತ್ತೆ ಮನೆಯಲ್ಲಿ ಇದೇ ಮಾತು ಕೇಳಿಕೊಂಡು ಇದೇ ಥರ ನೀರು ಕುಡಿಯುತ್ತಿದ್ದ ಹನುಮಂತ ಅದನ್ನು ಕನ್ನಡದ ತಾಗುವುದು ಮಾಡಿ ನಮಗೆ ಕೊಟ್ಟಿದ್ದ.

ಹಿಂದಿರುಗುವಾಗ ಪಾವಗಡದಲ್ಲಿ ಗಾಡಿ ನಿಲ್ಲಿಸಿ ಎಂದೆ. ಯಾಕೆ ಎಂದು ಚಿಕ್ಕಣ್ಣ ಕೇಳಲಿಲ್ಲ, ಕೆಳಗೂ ಇಳಿಯಲಿಲ್ಲ. ಅದು ಆಗಲೇ ನನಗೆ ವಿಚಿತ್ರವಾಗಿ ಕಂಡಿತು. ಮಿಲ್ಲಿನ ಅಂಗಳದಲ್ಲಿ ಹನುಮಂತ ಹೊಸ ಲಾರಿಯ ಗಾಜು ಒರೆಸುತ್ತಿದ್ದ.

"ಏನತ್ತಿಗೆ, ಇಷ್ಟು ದೂರ?"

"ನೀರು ತಾಗಕ್ಕೆ ಬಂದೆ ಕಣಪ್ಪ."

ಅವನ ಕೈ ಗಾಜಿನ ಮೇಲೆ ನಿಂತಿತು. ಮತ್ತೆ ಒರೆಸತೊಡಗಿದ.

"ಅವ್ನು ನಿಮ್ ಮುಂದೇನೇ ಹೇಳ್ದ. ನಾನೇನು ಮುಚ್ಚಿಟ್ನಾ? ಗೊತ್ತಾಗ್ದಿದ್ರೆ ಇನ್ನೊಂದ್ಸಲ ಕೇಳ್ಬೇಕಾಗಿತ್ತು."

"ನಿನ್ನೇ ಕೇಳಿದ್ವಲ್ಲಾ. ನಿಮ್ಮಣ್ಣ ನಿನ್ನ ಕಡೆ ತಿರುಗಿ ಕೇಳ್ನಿಲ್ವಾ?"

ಅವನು ಬಟ್ಟೆ ಹಿಂಡಿದ.

"ಸಾಹುಕಾರ್ರು ಹಳೇದು ಹೋದ್ರೆ ಹೊಸಾದು ತರ್ತೀನಿ, ನಿನ್ನೇ ಕೂರುಸ್ತೀನಿ ಅಂದ್ರು. ನಾನು ಎಷ್ಟು ದಿನ ಅಂತ ಅಣ್ಣನ ಎಡಗಡೆ ಕೂತಿರ್ಲಿ, ಹೇಳು. ನಿಮ್ದೂ ಓಡ್ತಾ ಐತಲ್ಲ."

"ಮಂದೆ ನಿಂದೂ ಆಗಿತ್ತಲ್ಲೋ."

"ಆಗಿತ್ತು. ಅದ್ಕೇ ಗಾಡಿಯಾಗೆ ಭಾಗ ಕೇಳ್ತಿಲ್ಲ ನಾನು."

ದೊಡ್ಡ ಉಪಕಾರ ಮಾಡಿದವನಂತೆ ಹೇಳಿದ. ನಾನು ಬೈಯಲಿಲ್ಲ. ಬೈದಿದ್ದರೆ ಅವನಿಗೆ ಹಗುರವಾಗುತ್ತಿತ್ತು. ಬಾಗಿಲ ಹತ್ತಿರ ನಾರಾಯಣಪ್ಪ ಕೂತಿದ್ದ. ನಮ್ಮ ಮಾತು ಅವನಿಗೆ ಎಷ್ಟು ತಿಳಿಯಿತೋ ಕಾಣೆ, ನಾನು ದಾಟಿ ಬರುವಾಗ ಎದ್ದು ನಿಂತ.

ಗಾಡಿ ಹತ್ತಿ, ಚಿಕ್ಕಣ್ಣನಿಗೆ ಎಲ್ಲ ಹೇಳಿದೆ. ಅವರು ಸ್ಟೇರಿಂಗ್ ಹಿಡಿದು ರಸ್ತೆ ನೋಡುತ್ತಲೇ ಇದ್ದರು.

"ಗೊತ್ತೈತೆ," ಎಂದರು.

"ಯಾವಾಗಿಂದ?"

"ಅವ್ನಿಗೆ ಹೊಸ ಲಾರಿ ಕೊಟ್ರಲ್ಲ, ಆವತ್ತಿಂದ."

ಟೀ ಅಂಗಡಿಗಳಲ್ಲಿ ಆ ಕಥೆಯನ್ನು ಮೊದಲು ಹೇಳಿ ಜನರನ್ನು ನಗಿಸಲು ಶುರು ಮಾಡಿದ್ದೇ ನನ್ನ ಗಂಡ. ತಾವೇ ಪೆದ್ದರಾಗಿ, ನನ್ನನ್ನೂ ಪೆದ್ದಿ ಮಾಡಿ, ತೆಲುಗು ಮಾತಿನ ಮೇಲೆ ಹಾಕಿ. ನನ್ನ ಕಿವಿಗೆ ಬಿದ್ದ ಕಥೆಯಲ್ಲಿ ಆ ಮಾತಿನ ಅರ್ಥ ಇರಲಿಲ್ಲ, ನಾನು ಇಷ್ಟು ದಿನ ಅದನ್ನು ಅವರ ತಮಾಷೆ ಎಂದುಕೊಂಡಿದ್ದೆ.

"ತಮ್ಮ ಕಣೇ," ಎಂದರು. "ಮೋಸ ಮಾಡ್ದ ಅಂತ ಹೆಂಗೆ ಹೇಳ್ಲಿ ಊರಿಗೆ. ನಗ್ಲಿ ಬುಡು. ನಕ್ರೆ ಮುಗೀತದೆ. ನೀನೂ ಸುಮ್ಕಿರು."

"ಮಂದೆ ಹೋಯ್ತು."

"ನಗ್ಲಿ ಬುಡು ಅಂದ್ನಲ್ಲ."

ದಾರಿಯಲ್ಲಿ ಗಾಡಿ ಆಯಿಲ್ ಕೇಳಿದಾಗಲೆಲ್ಲ ಇಳಿದು ಹಾಕಿದೆ.

ಆ ಗಾಡಿ ಗುಜರಿಗೆ ಹೋಗುವ ತನಕ ನಾವು ಅದನ್ನು ಬಿಡಲಿಲ್ಲ. ಆಮೇಲೆ ಬೇರೆ ಗಾಡಿಗಳು ಬಂದವು. ಎಂಬತ್ತರ ನಂತರ ಬ್ಯಾಂಕಿನವರು ಹಳ್ಳಿ ಹಳ್ಳಿಗೂ ಟ್ರ್ಯಾಕ್ಟರ್ ಕೊಡಿಸಿದರು, ನಮ್ಮ ಉಳುಮೆ ಬಾಡಿಗೆ ನಿಂತಿತು, ಬರೀ ಎಳೆಯುವ ಕೆಲಸ ಉಳಿಯಿತು. ಚಿಕ್ಕಣ್ಣ ಸಾಯುವ ತನಕ ತಮ್ಮನ ಹೆಸರು ಕೆಡಿಸಲಿಲ್ಲ. ಹನುಮಂತನೂ ಹೋದ. ಅವನ ಮಕ್ಕಳು ಈಗಲೂ ಆ ಕಥೆ ಹೇಳಿಕೊಂಡು ನಗುತ್ತಾರೆ, ದೊಡ್ಡಪ್ಪ ಎಂಥ ಮುಗ್ಧ ಎಂದು. ನಿಜ ಹೇಳಿದರೆ, ಈ ಅಜ್ಜಿಗೆ ವಯಸ್ಸಾಯಿತು ಎನ್ನುತ್ತಾರೆ.

ಗಾಡಿ ನೋಡಲು ಹೋಗುವ ಹುಡುಗರಿಗೆ ನಾನು ಹೇಳುವುದು ಇದು. ಮಾರುವವನು ಅರ್ಧ ನಿಜವಾದರೂ ಹೇಳುತ್ತಾನೆ. ನಿಮ್ಮ ಜೊತೆ ನಿಂತು ಅದನ್ನು ನಿಮಗೆ ತಿಳಿಸಿ ಹೇಳುತ್ತಾನಲ್ಲ, ಅವನ ಮುಖ ನೋಡಿ.

ಆವತ್ತು ಹನುಮಂತನನ್ನು ಕೇಳಿ ಪಾವಗಡದಿಂದ ಬಂದ ಮಾರನೆಯ ಬೆಳಿಗ್ಗೆ ಬರಗೂರಿನ ಕಡೆ ಉಳುಮೆ ಒಪ್ಪಿಕೊಂಡಿದ್ದೆವು. ಚಿಕ್ಕಣ್ಣ ಒಬ್ಬರೇ ಹೊರಟಿದ್ದರು. ನಾನು ಸೀಟಿನ ಹಿಂದಿನ ಮೊಳೆಯಿಂದ ಹನುಮಂತನ ಖಾಕಿ ಅಂಗಿ ತೆಗೆದು, ಸೀರೆಯ ಮೇಲೆ ತೊಟ್ಟು, ಗುಂಡಿ ಹಾಕಿಕೊಂಡು, ಎಡಗಡೆ ಸೀಟಿನಲ್ಲಿ ಕೂತೆ. ಅವರು ನೋಡಿ, ಗಾಡಿ ಶುರು ಮಾಡಿದರು. ಬರಗೂರಿನಲ್ಲಿ ಹೊಲದ ಯಜಮಾನ ನಾಲ್ಕು ಜನರ ಜೊತೆ ಬದುವಿನ ಮೇಲೆ ಕಾಯುತ್ತಿದ್ದ. ಗಾಡಿ ನಿಲ್ಲುವುದಕ್ಕೂ ಬಿಡಲಿಲ್ಲ.

"ಏನ್ ಚಿಕ್ಕಣ್ಣ, ಇವತ್ತೂ ಆಯಿಲ್ ತಾಗ್ತಾ? ಒರೆಸ್ಕೊಳ್ಳಾಕೆ ಹೆಂಡ್ರುನೇ ಕರ್ಕಂಡು ಬಂದಂಗೈತೆ."

ನಾಲ್ಕೂ ಜನ ನಕ್ಕರು. ನನ್ನ ಗಂಡನೂ ಎಂದಿನಂತೆ ನಗಲು ಶುರು ಮಾಡಿದರು. ನಾನು ಕೆಳಗಿಳಿದು, ಬಾನೆಟ್ ಎತ್ತಿ, ಸೋಸಿದ ಕರಿ ಆಯಿಲ್ಲನ್ನು ಡಬ್ಬಿಯಲ್ಲಿದ್ದಷ್ಟೂ ಒಳಗೆ ಸುರಿದೆ. ಕೈಯನ್ನು ಹನುಮಂತನ ಅಂಗಿಗೇ ಒರೆಸಿಕೊಂಡೆ.

"ತಾಗಾಕಿಲ್ಲ, ಕುಡೀತದೆ," ಎಂದೆ. "ಅದು ಕುಡೀತದೆ ಅಂತ ನನ್ ಮೈದುನನಿಗೆ ಗೊತ್ತಿತ್ತು. ಎಲ್ಲಿಂದ ಉಳಬೇಕು, ಹೊಲ ತೋರ್ಸಿ."

ಯಾರೂ ನಗಲಿಲ್ಲ. ನಾನು ನೇಗಿಲಿನ ಚೈನು ತಗೊಂಡು ಗಾಡಿಯ ಹಿಂದಕ್ಕೆ ಹೋದೆ.